ಪಿಕಪ್ ಟ್ರಕ್ಕಿಗೆ ಭಾರದ ಗ್ರಿಲ್ ಗಾರ್ಡ್ ಮನೇಲೇ ಹಾಕೋದು: ಬೋಲ್ಟ್ ಆಮೇಲೆ, ಮೊದಲು ಎತ್ತೋದು ಕಲೀರಿ

ಟೆಕ್ಸಸ್ಸಿನ ಹಿಲ್ ಕಂಟ್ರಿ ಕಡೆ ಸಂಜೆ ಹೊತ್ತು ಗಾಡಿ ಓಡಿಸಿದೋರಿಗೆ ಜಿಂಕೆ ವಿಷ್ಯ ಬಿಡಿಸಿ ಹೇಳ್ಬೇಕಾಗಿಲ್ಲ. ಈ ರಾಜ್ಯದಲ್ಲಿ ಬಿಳಿ ಬಾಲದ ಜಿಂಕೆಗಳೇ 50 ಲಕ್ಷದ ಮೇಲಿವೆ, ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ, ಲಾನೋ ಅನ್ನೋ ಊರಂತೂ ತನ್ನನ್ನ ಟೆಕ್ಸಸ್ಸಿನ ಜಿಂಕೆ ರಾಜಧಾನಿ ಅಂತಲೇ ಕರ್ಕೊಳುತ್ತೆ. ಅಕ್ಟೋಬರಿಂದ ಡಿಸೆಂಬರ್ ತನಕ ಅವಕ್ಕೆ ಬೆದೆ ಕಾಲ, ಆಗ ಗಂಡು ಜಿಂಕೆಗೆ ರಸ್ತೆನೂ ಕಾಣಲ್ಲ ಲೈಟೂ ಕಾಣಲ್ಲ, ಬೇಲಿ ಹಾರಿ ಸೀದಾ ಬಂದು ಗಾಡಿ ಮುಂದೆ ನಿಲ್ಲುತ್ತೆ. ನನಗೆ 2 ಸಲ ಕೂದಲೆಳೆಯಲ್ಲಿ ತಪ್ಪಿತು, ಮೂರನೇ ಸಲ ತಪ್ಪಲ್ಲ ಅಂತ ಅನ್ನಿಸ್ತು, ಅದಕ್ಕೇ ನನ್ನ 2019ರ ಫೋರ್ಡ್ ಎಫ್-150ಗೆ ಮುಂದೆ ಪೂರ್ತಿ ಸೈಜಿನ ಗ್ರಿಲ್ ಗಾರ್ಡ್, ಅಂದ್ರೆ ಗ್ರಿಲ್ಲಿಗೂ ಲೈಟಿಗೂ ಅಡ್ಡ ನಿಲ್ಲೋ ಕಬ್ಬಿಣದ ಪೈಪಿನ ಚೌಕಟ್ಟು, ಹಾಕಿದೆ. ಅಂಗಡೀಲಿ ಹಾಕಿಸ್ಬಹುದಿತ್ತು, ಆದ್ರೆ ನಮ್ಮಂಥೋರಿಗೆ ಒಂದು ಖಾಯಿಲೆ ಇದ್ಯಲ್ಲ, "ನಾಲ್ಕು ಬೋಲ್ಟ್ ತಾನೇ, ನಾವೇ ಹಾಕೋಣ ಬಿಡ್ರಿ" ಅನ್ನೋದು.

ನಾಲ್ಕು ಬೋಲ್ಟ್ ಅಲ್ಲ. ಬೋಲ್ಟ್ ಕೆಲಸಕ್ಕೆ ಒಂದು ಗಂಟೆ ಸಾಕು, ಮಿಕ್ಕಿದ್ದೆಲ್ಲ 73 ಕೆಜಿ ಕಬ್ಬಿಣವನ್ನ ಸೊಂಟದ ಎತ್ತರಕ್ಕೆ ಎತ್ತಿ, ಆ ಕಡೆ ಈ ಕಡೆ ಬೆರಳಗಲ ಸರಿಸಿ, ತೂತಿಗೆ ತೂತು ಕೂರಿಸೋ ತನಕ ಯಾರ ಕಾಲ ಮೇಲೂ ಬೀಳದ ಹಾಗೆ ಹಿಡ್ಕೊಳ್ಳೋ ಕೆಲಸ. 73 ಕೆಜಿ ಅಂದ್ರೆ ಊರಲ್ಲಿ ಒಂದು ಭತ್ತದ ಮೂಟೆ. ಆದ್ರೆ ಮೂಟೆ ಬೆನ್ನಿಗೆ ಒರಗುತ್ತೆ, ಈ ಗಾರ್ಡು ಎಲ್ಲೂ ಒರಗಲ್ಲ, 6 ಅಡಿ ಅಗಲ, ಅರ್ಧ ಭಾರ ಮೇಲ್ಗಡೆ, ಹಿಡಿಯೋಕೆ ಹೋದ್ರೆ ತಾನೇ ತಿರುಗಿಕೊಳ್ಳುತ್ತೆ.

ಮೊದ್ಲು ಒಂದು ಮಾತು, ಊರಲ್ಲಿರೋರಿಗೆ

ಫೋಟೋ ಹಾಕಿದ ದಿನವೇ ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿ "ಅಣ್ಣಾ ನನ್ ಬೊಲೆರೋಗೂ ಇಂಥದ್ದೇ ಬೇಕು" ಅಂದ. ಬೇಡಪ್ಪ. ಇಂಡಿಯಾದಲ್ಲಿ ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಹಾಕೋ ಹಾಗಿಲ್ಲ ಅಂತ 2017ರ ಡಿಸೆಂಬರಲ್ಲೇ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಎಲ್ಲಾ ರಾಜ್ಯಗಳಿಗೂ ಬರೆದಿದೆ, ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಅದು ತಪ್ಪು, ಹಿಡಿದ್ರೆ ದಂಡ. ಕಾರಣವೂ ಸರಿಯಾಗೇ ಇದೆ, ನಮ್ಮ ರಸ್ತೇಲಿ ಗಾಡಿ ಮುಂದೆ ಬರೋದು ಜಿಂಕೆ ಅಲ್ಲ, ಮನುಷ್ಯರು. ಬಂಪರ್ ಸ್ವಲ್ಪ ಬಾಗಿ ಏಟು ಹೀರಿಕೊಳ್ಳುತ್ತೆ, ಚಾಸಿಗೆ ಬಿಗಿದ ಕಬ್ಬಿಣದ ಪೈಪು ಬಾಗಲ್ಲ, ನಡ್ಕೊಂಡು ಹೋಗೋರಿಗೆ ಬಿದ್ರೆ ಮುಗೀತು. ಜೊತೆಗೆ ಏರ್‌ಬ್ಯಾಗ್ ಸೆನ್ಸರಿಗೆ ಡಿಕ್ಕಿ ತಲುಪೋ ರೀತಿಯೂ ಬದಲಾಗುತ್ತೆ. ಹಾಗಾಗಿ ಇದು ಕಾನೂನಲ್ಲಿ ಅವಕಾಶ ಇರೋ ಕಡೆ, ಹಳ್ಳಿ ರಸ್ತೇಲಿ ದಿನಾ ಓಡಾಡೋರಿಗೆ ಬರೆದಿರೋದು. ಸಿಟಿ ಒಳಗೇ ಆಫೀಸಿಗೆ ಹೋಗಿ ಬರೋರಿಗೆ ಇದರ ಅಗತ್ಯ ಏನೂ ಇಲ್ಲ, ನನ್ನ ಕೇಳಿದ್ರೆ.

ಕೊಳ್ಳೋಕೆ ಮುಂಚೆ ಟೇಪ್ ಹಿಡ್ಕೊಳ್ಳಿ

ನಮ್ಮ ಟ್ರಕ್ಕು ಸೂಪರ್‌ಕ್ರೂ, ಅಂದ್ರೆ ನಾಲ್ಕು ಬಾಗಿಲಿಂದು, ಹಿಂದೆ ಸಾಮಾನು ಹಾಕೋ ಬೆಡ್ ಐದೂವರೆ ಅಡಿ, ಒಟ್ಟು ಉದ್ದ 231.9 ಇಂಚು. ಗರಾಜ್ ಆಳ 20 ಅಡಿ ಅಂದ್ರೆ 240 ಇಂಚು. ಉಳಿಯೋದು 8 ಇಂಚು, ಅದರಲ್ಲಿ ಗಾರ್ಡು 6 ಇಂಚು ತಿಂದುಬಿಡ್ತು. ಈಗ ಗಾಡಿ ಒಳಗೆ ಹಾಕ್ಬೇಕಂದ್ರೆ ಮುಂದಿನ ಗೋಡೆಗೆ ದಾರದಲ್ಲಿ ಕಟ್ಟಿರೋ ಟೆನ್ನಿಸ್ ಬಾಲ್ ತಾಗೋ ತನಕ ಇಂಚಿಂಚೇ ಬರ್ಬೇಕು, ನನ್ನ ಹೆಂಡ್ತಿ ಅಂತೂ ಒಳಗೆ ಹಾಕೋದೇ ಬಿಟ್ಟಿದ್ದಾಳೆ. ಇದನ್ನ ಯಾರೂ ಮೊದಲೇ ಹೇಳಲ್ಲ ಅದಕ್ಕೆ ಮೇಲೇ ಹೇಳ್ತಿದ್ದೀನಿ.

ಎರಡನೇದು ಗಾಡಿ ಮುಖದಲ್ಲಿ ಏನೇನಿದೆ ನೋಡಿ. ಮುಂದಿನ ಗಾಡಿ ನೋಡಿ ತಾನೇ ವೇಗ ಹೊಂದಿಸ್ಕೊಳ್ಳೋ ಅಡಾಪ್ಟಿವ್ ಕ್ರೂಸ್ ಇದ್ರೆ ಬಂಪರ್ ಅಥವಾ ಕೆಳಗಿನ ಗ್ರಿಲ್ ಹತ್ರ ಒಂದು ರೇಡಾರ್ ಡಬ್ಬಿ ಇರುತ್ತೆ, ಅದರ ಮುಂದೆ ಕಬ್ಬಿಣ ಬಂದ್ರೆ ಅದು ಕುರುಡಾಗುತ್ತೆ, ಡ್ಯಾಶಲ್ಲಿ ಎಚ್ಚರಿಕೆ ಲೈಟ್ ಬಂದು ಕೂರುತ್ತೆ. ಮುಂದಿನ ಕ್ಯಾಮೆರಾ, ಪಾರ್ಕಿಂಗ್ ಸೆನ್ಸರ್‌ದೂ ಅದೇ ಕಥೆ, ಗಾರ್ಡಿನ ಪೈಪನ್ನೇ ಗೋಡೆ ಅಂದ್ಕೊಂಡು ಸೆನ್ಸರ್ ಕೂಗ್ತಾನೇ ಇರುತ್ತೆ. ಇಂಥ ಗಾಡಿಗಳಿಗೆ ಅಂತಲೇ ಮಧ್ಯೆ ಜಾಗ ಬಿಟ್ಟ, ಸೆನ್ಸರ್ ಮುಂದಕ್ಕೆ ತರೋ ಕಿಟ್ ಇರೋ ಮಾಡೆಲ್ ಬರುತ್ತೆ, ಶೈನರ್ ಊರಿನ ರ‍್ಯಾಂಚ್ ಹ್ಯಾಂಡ್, ವೆಸ್ಟಿನ್, ಗೋ ರೈನೋ ಈ ಥರ ಕಂಪನಿಗಳ ಲಿಸ್ಟಲ್ಲಿ ವರ್ಷ, ಮಾಡೆಲ್, ಕ್ಯಾಬ್, ಸೆನ್ಸರ್ ಇದೆಯೋ ಇಲ್ವೋ ಎಲ್ಲಾ ಕೇಳ್ತಾರೆ, ಅಂದಾಜಿಗೆ ಒತ್ತಬೇಡಿ. ನಂದರಲ್ಲಿ ಇದ್ಯಾವುದೂ ಇರಲಿಲ್ಲ, ಬಡವನ ಮಾಡೆಲ್, ತಲೆನೋವೇ ಇಲ್ಲ.

ಡ್ರೈವರ್ ಬಾಗಿಲ ಚೌಕಟ್ಟಲ್ಲಿ ಅಂಟಿಸಿರೋ ಸ್ಟಿಕ್ಕರಲ್ಲಿ ಮುಂದಿನ ಆ್ಯಕ್ಸಲ್ ಎಷ್ಟು ಭಾರ ಹೊರುತ್ತೆ ಅಂತ ಇರುತ್ತೆ. ವಿಂಚ್ (ಸಿಕ್ಕಿಕೊಂಡ ಗಾಡಿ ಎಳೆಯೋ ಹಗ್ಗದ ಯಂತ್ರ) ಏನಾದ್ರೂ ಮೊದಲೇ ಹಾಕಿದ್ರೆ ಲೆಕ್ಕ ಮಾಡಿ, ಇಲ್ಲಾಂದ್ರೆ ಒಂದು ಗಾರ್ಡಿಗೆ ತೊಂದ್ರೆ ಇಲ್ಲ.

ಡಬ್ಬಿ ಬಂದ ದಿನ

ಇದು ಕೊರಿಯರ್ ಹುಡುಗ ಬಾಗಿಲಲ್ಲಿ ಇಟ್ಟು ಹೋಗೋ ಐಟಂ ಅಲ್ಲ, ಲಾರೀಲಿ ಪ್ಯಾಲೆಟ್ ಮೇಲೆ ಬರುತ್ತೆ. ಲಿಫ್ಟ್ ಗೇಟ್, ಅಂದ್ರೆ ಸಾಮಾನನ್ನ ನೆಲಕ್ಕಿಳಿಸೋ ಹಲಗೆ, ಇರೋ ಲಾರಿ ಬೇಕು ಅಂತ ಆರ್ಡರಲ್ಲೇ ಹೇಳಿ, ಇಲ್ಲಾಂದ್ರೆ ಡ್ರೈವರ್ ಲಾರಿ ಬಾಗಿಲು ತೆಗೆದು "ಇಳಿಸ್ಕೊಳ್ಳಿ" ಅಂತ ನಿಂತ್ಕೊತಾನೆ. ಸೈನ್ ಹಾಕೋಕೆ ಮುಂಚೆ ರಟ್ಟು ಹರಿದು ನೋಡಿ. ನಂದರಲ್ಲಿ ಗಾರ್ಡನ್ನ ಚಾಸಿಗೆ ಸೇರಿಸೋ ಒಂದು ಬ್ರಾಕೆಟ್ಟಿನ ಮೂಲೆ ಬಾಗಿತ್ತು, ನಾನು ನೋಡದೇ ಸೈನ್ ಹಾಕಿಬಿಟ್ಟಿದ್ದೆ, ಆಮೇಲೆ ಹೊಸಾದು ಬರೋಕೆ 2 ವಾರ ಆಯ್ತು, ತಪ್ಪು ನಂದೇ.

ಬೋಲ್ಟಿನ ಕವರನ್ನ ಒಂದು ಊಟದ ತಟ್ಟೆಗೆ ಸುರಿದು, ಗಾರ್ಡಿನ ಜೊತೆ ಬಂದ ಸೂಚನೆ ಹಾಳೆ ನೋಡ್ಕೊಂಡು ಎಣಿಸಿ. ಗಾರ್ಡು ಜಾಕ್ ಮೇಲೆ ತೂಗಾಡ್ತಿರುವಾಗ ಒಂದು ವಾಷರ್ ಕಡಿಮೆ ಅಂತ ಗೊತ್ತಾಗೋದು ಬೇಡ.

ಸಲಕರಣೆ ಅಂತ ಬೇಕಾಗೋದು: ಮಿಲಿಮೀಟರ್ ಸಾಕೆಟ್ ಸೆಟ್ಟು ಉದ್ದದ ಎಕ್ಸ್‌ಟೆನ್ಷನ್ ಸಮೇತ, ಹಳೇ ಬೋಲ್ಟ್ ಬಿಚ್ಚೋಕೆ ಉದ್ದ ಹಿಡಿಯ ಬ್ರೇಕರ್ ಬಾರ್, ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆದು ತಿರುಗಿಸೋ ಸ್ಪ್ಯಾನರ್), ತುಕ್ಕು ಸಡಿಲ ಮಾಡೋ ಸ್ಪ್ರೇ, ನೀಲಿ ಥ್ರೆಡ್ ಲಾಕರ್ (ಬೋಲ್ಟ್ ಸಡಿಲ ಆಗದ ಹಾಗೆ ಹಚ್ಚೋ ಅಂಟು), ತುದೀಲಿ ಅಯಸ್ಕಾಂತ ಇರೋ ಕಡ್ಡಿ, ದಪ್ಪ ಕಂಬಳಿ 2, ಮಾಸ್ಕಿಂಗ್ ಟೇಪು, ಕನ್ನಡಕ, ಕೈಗವಸು, ಮುಂದೆ ಗಟ್ಟಿ ಇರೋ ಶೂ. ಚಪ್ಪಲಿ ಹಾಕ್ಕೊಂಡು ಈ ಕೆಲ್ಸಕ್ಕೆ ಇಳೀಬೇಡಿ, ನಮ್ಮೋರಿಗೆ ಹೇಳ್ಬೇಕಾಗುತ್ತೆ ಅದಕ್ಕೆ ಹೇಳ್ದೆ. ಇನ್ನು ಎತ್ತೋಕೆ ಎಂಜಿನ್ ಹಾಯ್ಸ್ಟ್. ಇದು ಮುಖ್ಯ, ಕೆಳಗೆ ಬಿಡಿಸಿ ಬರೀತೀನಿ. ಜೊತೆಗೆ ಒಬ್ಬರು ಬೇಕೇ ಬೇಕು, ಇಬ್ಬರಿದ್ರೆ ಒಳ್ಳೇದು. ಅಮೆರಿಕದ ಕೆಲಸಗಾರರ ಆರೋಗ್ಯ ನೋಡೋ ನಿಯೋಶ್ ಸಂಸ್ಥೆ ಹೇಳೋ ಲೆಕ್ಕದಲ್ಲಿ ಎಲ್ಲಾ ಅನುಕೂಲ ಇದ್ರೂ ಒಬ್ಬ ಮನುಷ್ಯ ಎತ್ತಬಹುದಾದ್ದು 23 ಕೆಜಿ, ನಮ್ಮ ಗಾರ್ಡು ಅದರ ಮೂರರಷ್ಟು.

ಗಾಡಿ ತಯಾರಿ

ಹಿಂದಿನ ದಿನ ಸಂಜೆನೇ ಮಾಡಿ ಇದನ್ನ. ಒಂದು, ಗಾಡೀನ ಗೋಡೆಯಿಂದ 25 ಅಡಿ ದೂರ ಸಮತಟ್ಟು ಜಾಗದಲ್ಲಿ ನಿಲ್ಸಿ ಡಿಮ್ ಲೈಟ್ ಹಾಕಿ, ಬೆಳಕಿನ ಮೇಲಂಚು ಗೋಡೆ ಮೇಲೆ ಎಲ್ಲಿ ಬೀಳುತ್ತೋ ಅಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿ, ಟಯರ್ ನಿಂತ ಜಾಗಕ್ಕೆ ನೆಲದ ಮೇಲೂ ಗುರುತು ಹಾಕಿ. ಯಾಕೆ ಅಂತ ಕೊನೇಲಿ ಗೊತ್ತಾಗುತ್ತೆ. ಎರಡು, ಗಾಡಿ ಎಳೆಯೋಕೆ ಮುಂದೆ ಇರೋ ಕೊಕ್ಕೆ, ಟೋ ಹುಕ್ ಅಂತಾರಲ್ಲ, ಅದರ ಬೋಲ್ಟಿಗೆಲ್ಲ ಸ್ಪ್ರೇ ಹೊಡೆದು ರಾತ್ರಿ ಪೂರ್ತಿ ನೆನೆಯೋಕೆ ಬಿಡಿ.

ಬೆಳಗ್ಗೆ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲೋ ಮರವೋ ಕೊಟ್ಟು, ಗ್ರಿಲ್ಲಿಗೂ ಬಂಪರಿಗೂ ಕಂಬಳಿ ಹೊದಿಸಿ ಟೇಪ್ ಹಾಕಿ. ಮುಂದಿನ ನಂಬರ್ ಪ್ಲೇಟ್ ಬಿಚ್ಚಿಡಿ. ಟೆಕ್ಸಸ್ಸಲ್ಲಿ ಮುಂದೂ ಪ್ಲೇಟ್ ಇರ್ಲೇಬೇಕು, ಆದ್ದರಿಂದ ಗಾರ್ಡಿಗೆ ಹೊಂದೋ ಪ್ಲೇಟ್ ಬ್ರಾಕೆಟ್ ಒಟ್ಟಿಗೇ ತರಿಸಿ. ಆಮೇಲೆ ಟೋ ಹುಕ್ ಬಿಚ್ಚಿ. ನನ್ನ ಗಾಡೀಲಿ ಗಾರ್ಡಿನ ಬ್ರಾಕೆಟ್ ಕೂರೋದು ಟೋ ಹುಕ್ ಇದ್ದ ಜಾಗದಲ್ಲೇ, ಚಾಸಿಯ ಎರಡು ಕೊಂಬಿನ ತುದೀಲಿ. ಕೆಲವು ಗಾಡೀಲಿ ಬಂಪರ್ ಹಿಡಿದಿರೋ ಬೋಲ್ಟಿಗೇ ಬ್ರಾಕೆಟ್ ಸೇರಿಸ್ಬೇಕಾಗುತ್ತೆ, ಹಾಗಿದ್ರೆ ಎರಡೂ ಕಡೆ ಒಟ್ಟಿಗೆ ಬಿಚ್ಚಿ ಕೂರ್ಬೇಡಿ, ಬಂಪರ್ರೇ ಕಳಚಿ ಮಂಡಿ ಮೇಲೆ ಬರುತ್ತೆ, ಕೆಳಗೆ ಜಾಕ್ ಕೊಟ್ಟು ಒಂದೊಂದು ಕಡೆ ಮಾಡಿ. ಕೆಳಗಿನ ಕಪ್ಪು ಪ್ಲಾಸ್ಟಿಕ್ ತಡಿಕೆಯನ್ನ ಬ್ರಾಕೆಟ್ ದಾರಿಗೆ ತಕ್ಕಷ್ಟು ಕತ್ತರಿಸ್ಬೇಕು ಅಂತ ಹಾಳೇಲಿ ಇದ್ರೆ ಕಡಿಮೇನೇ ಕತ್ತರಿಸಿ, ಬೇಕಾದ್ರೆ ಮತ್ತೆ ಕತ್ತರಿಸ್ಬಹುದು, ಅಂಟಿಸೋಕಾಗಲ್ಲ.

ಬ್ರಾಕೆಟ್ಟು, ಮತ್ತೆ ಚಾಸಿ ಒಳಗೆ ಬಿದ್ದ ನಟ್ಟು

ಚಾಸಿ ಅನ್ನೋದು ಒಳಗೆ ಟೊಳ್ಳಾಗಿರೋ ಡಬ್ಬಿ. ಅದರೊಳಗೆ ಕೈ ಹೋಗಲ್ಲ, ಸ್ಪ್ಯಾನರ್ ಹೋಗಲ್ಲ. ಅದಕ್ಕೆ ನಟ್ಟನ್ನ ಒಂದು ಚಿಕ್ಕ ಪಟ್ಟಿಗೆ ವೆಲ್ಡ್ ಮಾಡಿ, ಆ ಪಟ್ಟಿಗೆ ಒಂದು ಗೇಣುದ್ದ ತಂತಿ ಬಾಲ ಕೊಟ್ಟಿರ್ತಾರೆ. ಬಾಲ ಹಿಡ್ಕೊಂಡು ಚಾಸಿಯ ದೊಡ್ಡ ತೂತಿನಿಂದ ಒಳಗೆ ತೂರಿಸಿ, ಚಿಕ್ಕ ತೂತಿನ ಹಿಂದೆ ನಟ್ಟು ಬರೋ ಹಾಗೆ ಹಿಡಿದು, ಹೊರಗಿಂದ ಬೋಲ್ಟ್ ತಿರುಗಿಸ್ಬೇಕು. ಸೂಜಿಗೆ ದಾರ ಪೋಣಿಸೋ ಕೆಲಸ, ಆದ್ರೆ ಅಂಗಾತ ಮಲಗಿಕೊಂಡು, ಮೂಗಿನ ಮೇಲೆ ಮಣ್ಣುದುರಿಸ್ಕೊಂಡು.

ಇಲ್ಲಿ ಒಂದು ಕಿವಿಮಾತು, ತಂತಿಯನ್ನ ತೂರಿಸೋಕೆ ಮುಂಚೆ ತುದೀಲಿ ಕೊಕ್ಕೆ ಥರ ಬಗ್ಗಿಸ್ಕೊಳ್ಳಿ. ನಾನು ಬಗ್ಗಿಸಲಿಲ್ಲ, ಎಡಗಡೆದು ಕೈಜಾರಿ ಬಾಲ ಸಮೇತ ಒಳಗೆ ಹೋಯ್ತು, ಗಣಗಣ ಅಂತ ಚಾಸಿ ಉದ್ದಕ್ಕೂ ಉರುಳಿದ ಸದ್ದು ಕೇಳಿಸ್ತು, ನನ್ನ ಸ್ನೇಹಿತ ಬಿದ್ದು ಬಿದ್ದು ನಕ್ಕ. ಮುಕ್ಕಾಲು ಗಂಟೆ ಅಯಸ್ಕಾಂತದ ಕಡ್ಡಿ ಆಡಿಸಿದ ಮೇಲೆ ಬಂತು, ಅದೂ ಚಾಸಿಯ ಕಬ್ಬಿಣಕ್ಕೇ ಅಯಸ್ಕಾಂತ ಕಚ್ಕೊಳ್ಳುತ್ತೆ ಅನ್ನೋದು ಬೇರೆ, ಕಡ್ಡಿಗೆ ಸುತ್ತ ಟೇಪ್ ಸುತ್ತಿ ತುದಿ ಮಾತ್ರ ಬಿಟ್ರೆ ಸ್ವಲ್ಪ ಪರವಾಗಿಲ್ಲ.

ಬ್ರಾಕೆಟ್ ಎರಡೂ ಕೂತ ಮೇಲೆ ಬೋಲ್ಟ್‌ಗಳನ್ನ ಬರೀ ಕೈಯಲ್ಲಿ ತಿರುಗಿಸಿ ಬಿಡಿ. ಬ್ರಾಕೆಟ್ ಅಲ್ಲಾಡ್ಬೇಕು. ಈ ಲೇಖನದಲ್ಲಿ ಒಂದೇ ಸಾಲು ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ: ಕೊನೇ ಬೋಲ್ಟ್ ಎಳೆ ಹಿಡಿಯೋ ತನಕ ಮೊದಲನೇ ಬೋಲ್ಟ್ ಬಿಗಿ ಮಾಡ್ಬೇಡಿ. ನಾನು ಎಡಗಡೆ ಬ್ರಾಕೆಟ್ ಚೆನ್ನಾಗಿ ಕೂತಿದೆ ಅಂತ ಖುಷೀಲಿ ಫುಲ್ ಟೈಟ್ ಮಾಡಿದ್ದೆ, ಆಮೇಲೆ ಗಾರ್ಡ್ ತಂದು ಇಟ್ಟರೆ ಬಲಗಡೆ ತೂತು ಹೆಚ್ಚೂ ಕಮ್ಮಿ 1 ಸೆಂಟಿಮೀಟರ್ ಆಚೆ. ಗಾರ್ಡನ್ನ ಮತ್ತೆ ಕೆಳಗಿಳಿಸಿ ಎಲ್ಲಾ ಸಡಿಲ ಮಾಡಿ ಮತ್ತೆ ಎತ್ತಿದ್ದು, ಆ ಹೊತ್ತಿಗೆ ಮಧ್ಯಾಹ್ನದ ಊಟ ತಣ್ಣಗಾಗಿತ್ತು. ಬ್ರಾಕೆಟ್ಟಿನ ತೂತು ಉದ್ದುದ್ದ ಇರೋದೇ ಹೀಗೆ ಆ ಕಡೆ ಈ ಕಡೆ ಸರಿಸೋಕೆ.

ಎತ್ತೋದು

ಮೊದಲ ಸಲ ಎತ್ತಿದ್ದು ಫ್ಲೋರ್ ಜಾಕಲ್ಲಿ. ಜಾಕಿನ ಬಟ್ಟಲ ಮೇಲೆ ಒಂದು ಹಲಗೆ, ಹಲಗೆ ಮೇಲೆ ಗಾರ್ಡಿನ ಕೆಳಗಿನ ಅಡ್ಡಪಟ್ಟಿ, ಆ ಕಡೆ ನಾನು ಈ ಕಡೆ ಸ್ನೇಹಿತ, ಜಾಕ್ ಹಿಡಿ ಒತ್ತೋಕೆ ಹೆಂಡ್ತಿ. ಒಂದಡಿ ಎತ್ತರದ ತನಕ ಏನೋ ಚೆನ್ನಾಗಿತ್ತು. ಆಮೇಲೆ ಗಾರ್ಡಿನ ತಲೆ ನಿಧಾನಕ್ಕೆ ಗಾಡಿ ಕಡೆ ವಾಲೋಕೆ ಶುರುವಾಯ್ತು, ನಾವಿಬ್ರೂ ಹಿಡಿದ್ವಿ, ಹಲಗೆ ಜಾರ್ತು, ಮೇಲಿನ ಪೈಪು ಹೋಗಿ ಗ್ರಿಲ್ಲಿಗೆ ಟಪ್ ಅಂತ ಬಡೀತು. ಕಂಬಳಿ ಇದ್ದಿದ್ದಕ್ಕೆ ಒಂದು ಗೀರಲ್ಲಿ ಹೋಯ್ತು, ಇಲ್ಲಾಂದ್ರೆ ಜಿಂಕೆ ಮಾಡೋ ಕೆಲ್ಸಾನ ನಾವೇ ಮಾಡಿ ಮುಗಿಸ್ತಿದ್ವಿ.

ತಪ್ಪು ಎಲ್ಲಿ ಅಂದ್ರೆ, ಗಾರ್ಡಿನ ಭಾರದ ನಡು ಜಾಕಿಗಿಂತ ತುಂಬಾ ಮೇಲಿರುತ್ತೆ. ಕೆಳಗಿಂದ ಎತ್ತಿದ ಭಾರ ಬೀಳೋಕೆ ನೋಡುತ್ತೆ, ಮೇಲಿಂದ ನೇತುಹಾಕಿದ ಭಾರ ತಾನಾಗೇ ನೆಟ್ಟಗಾಗುತ್ತೆ, ಬಾವಿ ರಾಟೇಲಿ ಕೊಡ ಸೇದಿದೋರಿಗೆ ಇದು ಗೊತ್ತು. ಹಂಗಾಗಿ ಬಾಡಿಗೆ ಅಂಗಡಿಯಿಂದ ಒಂದು ದಿನಕ್ಕೆ ಎಂಜಿನ್ ಹಾಯ್ಸ್ಟ್ ತಂದೆ, ಗ್ಯಾರೇಜಲ್ಲಿ ಎಂಜಿನ್ ಎತ್ತೋಕೆ ಬಳಸ್ತಾರಲ್ಲ ಕಾಲಿಗೆ ಗಾಲಿ ಇರೋ ಕ್ರೇನು, ಅದೇ. ಗಾರ್ಡಿನ ಮೇಲಿನ ಪೈಪಿಗೆ ಬಟ್ಟೆ ಬೆಲ್ಟಿನ ಸ್ಲಿಂಗ್ 2 ಕಡೆ ಸಮ ಅಂತರದಲ್ಲಿ ಹಾಕಿ, ಎರಡನ್ನೂ ಮಧ್ಯೆ ಹಾಯ್ಸ್ಟಿನ ಕೊಕ್ಕೆಗೆ ಸೇರಿಸಿ. ಕಬ್ಬಿಣದ ಸರಪಣಿ ಬೇಡ, ಪೌಡರ್ ಕೋಟಿಂಗ್ ಕಿತ್ತು ಬರುತ್ತೆ. ಮೊದಲು ನೆಲದಿಂದ ನಾಲ್ಕು ಬೆರಳು ಎತ್ತಿ ನಿಲ್ಸಿ, ಒಂದು ಕಡೆ ಇಳಿದಿದ್ರೆ ಕೆಳಗಿಳಿಸಿ ಸ್ಲಿಂಗ್ ಸರಿಸಿ, ಮತ್ತೆ ಎತ್ತಿ. ನೆಟ್ಟಗೆ ನೇತಾಡ್ತಿದೆ ಅಂತ ಆದ್ಮೇಲೆ ಹಾಯ್ಸ್ಟಿನ ಕಾಲುಗಳು ಬಂಪರ್ ಕೆಳಗೆ ಹೋಗೋ ಹಾಗೆ ಮುಂದಕ್ಕೆ ತಳ್ಳಿ. ಗಾರಾಜ್ ನೆಲ ಇಳಿಜಾರಿದ್ರೆ ಇದನ್ನ ಮಾಡ್ಲೇಬೇಡಿ, ಮತ್ತೆ ನೇತಾಡ್ತಿರೋ ಗಾರ್ಡಿನ ಅಡಿ ತಲೆಯಾಗ್ಲಿ ಕಾಲಾಗ್ಲಿ ಯಾರೂ ಇಡೋ ಹಾಗಿಲ್ಲ, ಮಕ್ಕಳು ನಾಯಿ ಎಲ್ಲಾ ಒಳಗೆ.

ಒಬ್ಬರು ಹಾಯ್ಸ್ಟ್ ಹಿಡಿ ನೋಡ್ಕೊಳ್ಳಿ, ಇನ್ನೊಬ್ಬರು ಗಾರ್ಡಿನ ಕಾಲನ್ನ ಬ್ರಾಕೆಟ್ಟಿನ ಪಕ್ಕಕ್ಕೆ ತನ್ನಿ. ತೂತು ಸೇರ್ತಿದೆಯಾ ಅಂತ ಬೆರಳು ತೂರಿಸಿ ನೋಡೋ ಚಟ ಎಲ್ಲರಿಗೂ ಇದೆ, ಗಾರ್ಡು ಒಂಚೂರು ಜಾರಿದ್ರೆ ಆ ಬೆರಳು ಅಡಕೆ ಕತ್ತರೀಲಿ ಸಿಕ್ಕ ಹಾಗೆ, ಹಳೇ ಸ್ಕ್ರೂಡ್ರೈವರ್ ತೂರಿಸಿ ನೋಡಿ. ಸ್ಕ್ರೂಡ್ರೈವರನ್ನ ಸನ್ನೆಗೋಲಿನ ಥರ ಮೀಟಿದ್ರೆ ತೂತು ಒಂದರ ಮೇಲೊಂದು ಬರುತ್ತೆ, ಆಗ ಪಕ್ಕದ ತೂತಿಗೆ ಬೋಲ್ಟ್ ಹಾಕಿ ಕೈಯಲ್ಲೇ ತಿರುಗಿಸಿ. ಎರಡೂ ಕಡೆ ಎಲ್ಲಾ ಬೋಲ್ಟ್ ಎಳೆ ಹಿಡಿಯೋ ತನಕ ಸ್ಲಿಂಗ್ ಬಿಚ್ಚೋ ಹಾಗಿಲ್ಲ.

ನೆಟ್ಟಗೆ ಕೂರಿಸೋದು

ಈಗ ನಾಲ್ಕು ಮಾರು ಹಿಂದೆ ಹೋಗಿ ನಿಂತು ನೋಡಿ. ಗಾರ್ಡಿನ ಅಡ್ಡಪಟ್ಟಿಗೂ ಬಾನೆಟ್ ಅಂಚಿಗೂ ಸಮ ಇದ್ಯಾ, ಎರಡೂ ಹೆಡ್‌ಲೈಟ್ ಸುತ್ತ ಸಂದಿ ಒಂದೇ ಥರ ಇದ್ಯಾ. ಲೆವೆಲ್ ಮಟ್ಟ ಇಟ್ಟು ನೋಡೋಕಿಂತ ಬಂಪರಿಂದ ಟೇಪ್ ಹಿಡಿದು ಎರಡೂ ಕಡೆ ಅಳೆಯೋದು ವಾಸಿ, ಗಾಡಿ ತಾನೇ ಒಂದು ಕಡೆ ವಾಲಿರಬಹುದು.

ಗಾರ್ಡಿಗೂ ಗ್ರಿಲ್ಲಿಗೂ ಮಧ್ಯೆ ಕಮ್ಮಿ ಅಂದ್ರೂ ಎರಡು ಬೆರಳು ದಪ್ಪ ಸಂದಿ ಇರ್ಲಿ. ಚೆನ್ನಾಗಿ ಕಾಣ್ಲಿ ಅಂತ ಒತ್ತಿ ಕೂರಿಸ್ಬೇಡಿ. ಪಿಕಪ್ಪಲ್ಲಿ ಗಾರ್ಡೂ ಬಂಪರೂ ಚಾಸಿ ಮೇಲೆ ಕೂತಿರುತ್ತೆ, ಗ್ರಿಲ್ಲು, ಲೈಟು, ಬಾನೆಟ್ಟು ಎಲ್ಲಾ ಬಾಡಿ ಕಡೇವು, ಬಾಡಿ ಕೂತಿರೋದು ರಬ್ಬರ್ ಮೌಂಟ್ ಮೇಲೆ. ಹಳ್ಳಿ ರಸ್ತೇಲಿ ಗಾಡಿ ಕುಲುಕಿದಾಗ ಬಾಡಿ ಒಂದು ಕಡೆ, ಚಾಸಿ ಇನ್ನೊಂದು ಕಡೆ ಆಡುತ್ತೆ, ಸಂದಿ ಇಲ್ಲಾಂದ್ರೆ ತಿಂಗಳೊಳಗೆ ಗಾರ್ಡು ಗ್ರಿಲ್ಲನ್ನ ಉಜ್ಜಿ ಉಜ್ಜಿ ಬಿಳಿ ಮಾಡಿರುತ್ತೆ. ಬಿಗಿ ಮಾಡೋಕೆ ಮುಂಚೆ ಬಾನೆಟ್ಟನ್ನ ನಿಧಾನಕ್ಕೆ ಪೂರ್ತಿ ಎತ್ತಿ ನೋಡಿ, ಅದರ ಮೂತಿ ಎತ್ತುವಾಗ ಮೊದಲು ಮುಂದಕ್ಕೆ ಬಂದು ಆಮೇಲೆ ಮೇಲೆ ಹೋಗೋ ಗಾಡಿಗಳಿವೆ.

ಎಲ್ಲಾ ಸರಿ ಅಂದ್ರೆ ಈಗ ಬಿಗಿ. ಚಾಸಿ ಬೋಲ್ಟ್ ಮೊದಲು, ಗಾರ್ಡ್ ಬೋಲ್ಟ್ ಆಮೇಲೆ, ಒಂದು ಎಡಕ್ಕೆ ಒಂದು ಬಲಕ್ಕೆ, 2 ಸುತ್ತಲ್ಲಿ, ಕೊನೇದು ಟಾರ್ಕ್ ರೆಂಚಲ್ಲಿ. ಎಷ್ಟು ಟಾರ್ಕ್ ಅನ್ನೋದು ನಿಮ್ಮ ಗಾರ್ಡಿನ ಹಾಳೇಲಿ ಬೋಲ್ಟ್ ಸೈಜಿನ ಪಕ್ಕ ಬರೆದಿರುತ್ತೆ, ಅದೇ ಲೆಕ್ಕ, ಪೌಂಡ್-ಅಡೀಲಿ ಇದ್ದು ನಿಮ್ಮ ರೆಂಚು ನ್ಯೂಟನ್-ಮೀಟರಿಂದು ಆದ್ರೆ 1.36ರಿಂದ ಗುಣಿಸಿ. ಬೋಲ್ಟ್ ತುಕ್ಕು ಹಿಡಿದು ಕಚ್ಕೊಳ್ಳದಿರ್ಲಿ ಅಂತ ಆ್ಯಂಟಿ ಸೀಜ್ ಗ್ರೀಸ್ ಬಳಿದು ಅದೇ ಟಾರ್ಕ್ ಕೊಟ್ರೆ ಬೋಲ್ಟ್ ಲೆಕ್ಕಕ್ಕಿಂತ ಜಾಸ್ತಿ ಎಳೆಯುತ್ತೆ, ಯಾಕಂದ್ರೆ ಆ ನಂಬರು ಸಾಮಾನ್ಯವಾಗಿ ಒಣ ಬೋಲ್ಟಿಂದು. ಒಳಗೆ ನೈಲಾನ್ ಬಳೆ ಇರೋ ನಟ್ಟಿಗೆ ಲಾಕರ್ ಬೇಡ, ಸಾದಾ ನಟ್ಟಿಗೆ ಒಂದು ಹನಿ ನೀಲಿ ಸಾಕು. ಕೆಂಪು ಹಾಕಿದ್ರೆ ಮುಂದೆ ಬಿಚ್ಚುವಾಗ ಬೆಂಕಿ ಕಾಯಿಸ್ಬೇಕಾಗುತ್ತೆ. ಬಿಗಿದ ಮೇಲೆ ಪ್ರತಿ ಬೋಲ್ಟ್ ತಲೆಯಿಂದ ಬ್ರಾಕೆಟ್ ಮೇಲೆ ಬರೋ ಹಾಗೆ ಬಿಳಿ ಪೇಂಟ್ ಮಾರ್ಕರಲ್ಲಿ ಒಂದು ಗೆರೆ ಎಳೀರಿ. ಸ್ಕ್ರೂಡ್ರೈವರ್ ಮೀಟಿದ ಕಡೆ ಬಣ್ಣ ಹೋಗಿರುತ್ತೆ, ಅಲ್ಲಿಗೆ ಕಪ್ಪು ಟಚ್ ಅಪ್ ಅವತ್ತೇ ಹಚ್ಚಿ.

ಹಾಕಿದ ಮೇಲೆ

ರಾತ್ರಿ ಗಾಡೀನ ಅದೇ ಗೋಡೆ ಮುಂದೆ, ನೆಲದ ಗುರುತಿನ ಮೇಲೇ ನಿಲ್ಸಿ ಡಿಮ್ ಲೈಟ್ ಹಾಕಿ. ಮುಂದಿನ ಚಕ್ರಕ್ಕಿಂತಲೂ ಮುಂದೆ 73 ಕೆಜಿ ನೇತುಹಾಕಿದ ಮೇಲೆ ಗಾಡಿ ಮೂತಿ ಸ್ವಲ್ಪ ತಗ್ಗುತ್ತೆ, ನಂದು ಗೋಡೆ ಮೇಲೆ ಎರಡು ಬೆರಳು ಕೆಳಗೆ ಬಂದಿತ್ತು. ಲೈಟಿನ ಹಿಂದಿನ ಸ್ಕ್ರೂ ತಿರುಗಿಸಿ ಟೇಪಿನ ಗುರುತಿಗೆ ತನ್ನಿ. ಜಿಂಕೆಗೆ ಅಂತ ಗಾರ್ಡ್ ಹಾಕಿ, ಲೈಟ್ ಕೆಳಗಾಗಿ ಜಿಂಕೆನೇ ಲೇಟಾಗಿ ಕಾಣಿಸೋ ಹಾಗಾದ್ರೆ ಏನು ಬಂತು.

ಇದೇನು ಯುದ್ಧದ ಟ್ಯಾಂಕ್ ಅಲ್ಲ ಅನ್ನೋದೂ ಗೊತ್ತಿರ್ಲಿ. ಈ ಕಡೆ ಗಂಡು ಜಿಂಕೆ 50-60 ಕೆಜಿ ತೂಗುತ್ತೆ, ಅದಕ್ಕೆ ಬಡಿದ್ರೆ ರೇಡಿಯೇಟರ್, ಲೈಟು ಉಳ್ಕೊಂಡು ನೀವು ಮನೆ ತಲುಪ್ತೀರಿ, ಅಷ್ಟಕ್ಕೆ ಇದು. ಹಸುಗೋ ಇನ್ನೊಂದು ಗಾಡಿಗೋ ಬಡಿದ್ರೆ ಆ ಏಟು ಸೀದಾ ಚಾಸಿಗೇ ಹೋಗುತ್ತೆ. ಜಿಂಕೆ ಬಂದಾಗ ಸ್ಟೇರಿಂಗ್ ತಿರುಗಿಸದೇ ಬ್ರೇಕ್ ಹಾಕೋದೇ ಈಗಲೂ ನಿಯಮ. ಇನ್ಶೂರೆನ್ಸ್ ಕಂಪನಿಗೂ ಒಂದು ಫೋನ್ ಮಾಡಿ ಗಾರ್ಡ್ ಹಾಕಿದೀನಿ ಅಂತ ಹೇಳಿಡಿ. ಆಟೋಮ್ಯಾಟಿಕ್ ಕಾರ್ ವಾಷಲ್ಲಿ ಬ್ರಷ್ ಸಿಕ್ಕಿಹಾಕ್ಕೊಳ್ಳುತ್ತೆ ಅಂತ ವಾಪಸ್ ಕಳಿಸ್ತಾರೆ, ಗಾರ್ಡ್ ಹಿಂದೆ ಸತ್ತ ಹುಳಗಳನ್ನ ಬಾಟಲಿ ತೊಳೆಯೋ ಬ್ರಷ್ಷಲ್ಲಿ ನೀವೇ ಉಜ್ಜಿ.

100 ಮೈಲಿ ಓಡಿಸಿದ ಮೇಲೆ ಮತ್ತೆ ಟಾರ್ಕ್ ರೆಂಚ್ ಹಿಡಿದು ಕೆಳಗೆ ಮಲಗಿ. ನಂದರಲ್ಲಿ ಬಲಗಡೆ ಕೆಳಗಿನ ಬೋಲ್ಟಿನ ಬಿಳಿ ಗೆರೆ ಮುರಿದು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಒಂದು ಐದು ನಿಮಿಷದಷ್ಟು ಪಕ್ಕಕ್ಕೆ ಹೋಗಿತ್ತು, ಪೌಡರ್ ಕೋಟಿಂಗ್ ವಾಷರ್ ಕೆಳಗೆ ಅಮುಕಿಕೊಂಡು ತೆಳುವಾದಾಗ ಹೀಗಾಗುತ್ತೆ. ಬಿಗಿ ಮಾಡಿ, ಹಳೇ ಗೆರೆ ಒರೆಸಿ, ಹೊಸ ಗೆರೆ ಎಳೆದೆ. ಆಮೇಲೆ ಆಯಿಲ್ ಬದಲಾಯಿಸೋಕೆ ಕೆಳಗೆ ಹೋದಾಗೆಲ್ಲ ಒಂದು ಸಲ ಟಾರ್ಚ್ ಬಿಟ್ಟು ಗೆರೆ ನೋಡ್ತೀನಿ, ಅಲ್ಲಿಂದ ಕದಲಿಲ್ಲ. ಬಿಚ್ಚಿದ ಟೋ ಹುಕ್ಕು, ಹಳೇ ಬೋಲ್ಟು, ನಂಬರ್ ಪ್ಲೇಟಿನ ಹಳೇ ಬ್ರಾಕೆಟ್ಟು ಎಲ್ಲಾ ಒಂದು ಹಾರ್ಲಿಕ್ಸ್ ಡಬ್ಬಿಗೂ ಅದರ ಪಕ್ಕದ ಕವರಿಗೂ ತುಂಬಿ ಮೇಲೆ "ಎಫ್-150 ಮುಂದಿಂದು" ಅಂತ ಬರೆದು ಅಟ್ಟದ ಮೇಲಿಟ್ಟಿದ್ದೀನಿ, ಗಾಡಿ ಮಾರೋ ದಿನ ಕೊಳ್ಳೋನು ಗಾರ್ಡ್ ಬೇಡ ಅಂದ್ರೆ ಬೇಕಾಗುತ್ತೆ.